ತಪ್ಪಿದ ಮಾತ್ರೆಗೆ ಲೆಕ್ಕ ಚುಕ್ತಾ ಬೇಡ

ಪ್ರಶ್ನೆ: ನನಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಅಂಗಾಲು ಉರಿ, ಜೋಮು ಎಂದು ಡಾಕ್ಟರು ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದುಕೊಟ್ಟಿದ್ದಾರೆ. ತಂಗಿ ಮಗನ ಮದುವೆಗೆ ಹೋದಾಗ ಮಾತ್ರೆ ಮನೆಯಲ್ಲೇ ಉಳಿದು ನಾಲ್ಕು ದಿನ ತಪ್ಪಿತು. ನಿದ್ದೆ ಬರಲಿಲ್ಲ, ಬೆವರು, ವಾಕರಿಕೆ, ಉರಿಯೂ ಜಾಸ್ತಿಯಾಯಿತು. ಊರಿಗೆ ಬಂದವಳೇ ಎರಡು ಮಾತ್ರೆ ಒಟ್ಟಿಗೆ ನುಂಗಿದೆ. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಗೋಡೆ ಹಿಡಿದು ನಿಲ್ಲಬೇಕಾಯಿತು. ಅಂದಿನಿಂದ ಹೆದರಿಕೊಂಡು ಒಂದು ದಿನ ತೆಗೆದುಕೊಳ್ಳುತ್ತೇನೆ, ಒಂದು ದಿನ ಬಿಡುತ್ತೇನೆ. ಇದು ಚಟ ಹಿಡಿಸುವ ಮಾತ್ರೆ ಅನ್ನುತ್ತಾಳೆ ಮಗಳು. ಬಿಟ್ಟೇಬಿಡಲೇ?
— ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಆ ದಿನ ನೀವು ಬೀಳದೆ ಉಳಿದದ್ದೇ ದೊಡ್ಡದು. ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಉರಿಗಿಂತ ದೊಡ್ಡ ಕಷ್ಟ.

ತಪ್ಪಿಹೋದ ಮಾತ್ರೆ ಹೋಯಿತು, ಅದನ್ನು ತುಂಬಿಕೊಡಬೇಕಾಗಿಲ್ಲ. ಮೂತ್ರಪಿಂಡ ಚೆನ್ನಾಗಿದ್ದವರಲ್ಲಿ ಸುಮಾರು 6 ಗಂಟೆಗೆ ಈ ಔಷಧದ ಅರ್ಧದಷ್ಟು ಮೈಯಿಂದ ಹೊರಗೆ ಹೋಗುತ್ತದೆ. ನಾಲ್ಕು ದಿನದಲ್ಲಿ ನಿಮ್ಮ ಮೈಯಲ್ಲಿ ಅದು ಉಳಿದೇ ಇರಲಿಲ್ಲ. ಅಂಥ ಮೈಗೆ 150 ಮಿ.ಗ್ರಾಂ. ಒಮ್ಮೆಲೇ ಬಿದ್ದರೆ ತಲೆ ತಿರುಗದೆ ಇನ್ನೇನು? ಒಂದು ಹೊತ್ತಿನದು ಮರೆತಿದ್ದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನಷ್ಟೇ ನುಂಗಿ. ಎರಡನ್ನು ಸೇರಿಸುವುದು ಯಾವತ್ತಿಗೂ ಬೇಡ. ಕೆಲವು ದಿನವೇ ತಪ್ಪಿದ್ದರೆ ಹಳೇ ಪ್ರಮಾಣದಲ್ಲೇ ಶುರು ಮಾಡಬೇಕೋ, ಕಡಿಮೆಯಿಂದ ಏರಿಸಬೇಕೋ ಎಂಬುದನ್ನು ಬರೆದುಕೊಟ್ಟ ಡಾಕ್ಟರೇ ಹೇಳಬೇಕು.

ಇಲ್ಲಿ ಸಕ್ಕರೆ ಕಾಯಿಲೆಯವರು ಗಮನಿಸಲೇಬೇಕಾದ ವಿಷಯವೊಂದಿದೆ. ಪ್ರಿಗ್ಯಾಬಲಿನ್ ಬಹುಪಾಲು ಇದ್ದ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧ ಮೈಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ಪ್ರಮಾಣ ಇಳಿಸಬೇಕಾಗುತ್ತದೆ. ನಿಮ್ಮ ಕ್ರಿಯಾಟಿನಿನ್ ಪರೀಕ್ಷೆ ಆಗಿ ಬಹಳ ದಿನವಾಗಿದ್ದರೆ ಈಗ ಮಾಡಿಸಿ.

ಮಾತ್ರೆಯ ಪಟ್ಟಿಯನ್ನೂ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿಸಿಕೊಳ್ಳಿ. ನಮ್ಮಲ್ಲಿ ಎಷ್ಟೋ ಮಾತ್ರೆಗಳಲ್ಲಿ ಪ್ರಿಗ್ಯಾಬಲಿನ್ ಒಂದೇ ಇರುವುದಿಲ್ಲ. ಮಿಥೈಲ್‌ಕೋಬಾಲಮಿನ್ ಎಂಬ ಬಿ12 ಜೊತೆಗಿರುತ್ತದೆ, ಕೆಲವದರಲ್ಲಿ ನಾರ್‌ಟ್ರಿಪ್ಟಿಲಿನ್ ಎಂಬ ಇನ್ನೊಂದು ಔಷಧ ಕೂಡ. ಬಿ12 ಇರುವುದರಿಂದಲೇ ಇದನ್ನು ‘ನರದ ಶಕ್ತಿ ಮಾತ್ರೆ’ ಎಂದುಕೊಂಡು ಬೇಕಾದಾಗ ನುಂಗಿ ಬೇಡವಾದಾಗ ಬಿಡುವವರು ಎಷ್ಟೋ ಮಂದಿ. ಇದು ಟಾನಿಕ್ ಅಲ್ಲ. ನಾರ್‌ಟ್ರಿಪ್ಟಿಲಿನ್ ಇರುವ ಮಾತ್ರೆಯನ್ನು ಎರಡೆರಡು ನುಂಗಿದರೆ ಮೂತ್ರ ಕಟ್ಟಬಹುದು, ಹೃದಯದ ಬಡಿತವೂ ಏರುಪೇರಾಗಬಹುದು.

ಮಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇರುವುದರಿಂದಲೇ ಬ್ರಿಟನ್ 2019ರಲ್ಲಿ ಇದನ್ನು ನಿಯಂತ್ರಿತ ಔಷಧಗಳ ಸಾಲಿಗೆ ಸೇರಿಸಿತು. ಆದರೆ ನಿಮಗೆ ಬಂದ ಬೆವರು, ವಾಕರಿಕೆ, ನಿದ್ದೆಗೇಡು ಚಟದ ಲಕ್ಷಣವಲ್ಲ. ಅಭ್ಯಾಸವಾದ ಔಷಧ ದಿಢೀರನೆ ನಿಂತಾಗ ಮೈ ತೋರಿಸುವ ಪ್ರತಿಕ್ರಿಯೆ ಅದು. ಬಿಡುವುದೇ ಆದರೂ ಡಾಕ್ಟರ ಸಲಹೆಯಂತೆ ಕನಿಷ್ಠ ಒಂದು ವಾರವಾದರೂ ಹಂತಹಂತವಾಗಿ ಇಳಿಸಬೇಕು. ಅಪಸ್ಮಾರ ಇರುವವರಂತೂ ಇದನ್ನು ಥಟ್ಟನೆ ನಿಲ್ಲಿಸಲೇಬಾರದು, ಫಿಟ್ಸ್ ಬರಬಹುದು. ನೀವೀಗ ಮಾಡುತ್ತಿರುವ ದಿನ ಬಿಟ್ಟು ದಿನದ ಕ್ರಮದಿಂದ ನೋವೂ ಹೋಗುವುದಿಲ್ಲ, ಮೈಯೂ ಹೊಂದಿಕೊಳ್ಳುವುದಿಲ್ಲ.

ಈ ಮಾತ್ರೆ ಉರಿಯನ್ನು ತಗ್ಗಿಸುತ್ತದೆ, ಕೆಟ್ಟ ನರವನ್ನು ರಿಪೇರಿ ಮಾಡುವುದಿಲ್ಲ. ಸಕ್ಕರೆ ಹತೋಟಿ ತಪ್ಪದಿರಲಿ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು, ಹಾಗಾಗಿ ದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಹೆಚ್ಚು ಮಾತ್ರೆ ನುಂಗಿದವರು ಎಬ್ಬಿಸಿದರೂ ಏಳದಂತೆ ಮಲಗಿದ್ದರೆ, ಉಸಿರು ನಿಧಾನವಾದರೆ, ಅದರಲ್ಲೂ ನಿದ್ದೆ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ ಅಥವಾ ಮದ್ಯ ಜೊತೆಗಿದ್ದರೆ, ಕಾಯದೆ 108ಕ್ಕೆ ಫೋನ್ ಮಾಡಬೇಕು. ಮನೆಯವರಿಗೂ ಇದನ್ನು ಹೇಳಿಡಿ.

ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಎಷ್ಟು ದಿನ ತಪ್ಪಿತು, ಎಂದು ಎರಡು ನುಂಗಿದಿರಿ, ಈಗ ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬೈಯುತ್ತಾರೆಂಬ ಅಂಜಿಕೆ ಬೇಡ, ಈ ವಿವರವಿಲ್ಲದೆ ಅವರು ಸರಿಯಾದ ಪ್ರಮಾಣ ಹೇಳಲಾರರು.