ಕಳೆಯ ವೈರಿ ರೈತನ ಮಿತ್ರ

ಪ್ರತಿಯೊಂದು ಸಸ್ಯಕ್ಕೂ ಅದರ ಮೂಲದೇಶದಲ್ಲಿ ಅದನ್ನು ತಿಂದು ಹತೋಟಿಯಲ್ಲಿಡುವ ಜೀವಿಗಳಿರುವುವು. ಆ ವೈರಿಗಳಿಲ್ಲದೆ ಗಿಡವೊಂದೇ ಪರದೇಶಕ್ಕೆ ಬಂದಲ್ಲಿ ಮಿತಿಮೀರಿ ಹಬ್ಬಬಹುದು. ಅಮೆರಿಕಾ ಖಂಡದ ಪಾಪಾಸುಕಳ್ಳಿಯು ದಕ್ಷಿಣ ಭಾರತದ ಗೋಮಾಳಗಳನ್ನೂ ಹೊಲದ ಬದುಗಳನ್ನೂ ಆಕ್ರಮಿಸಿದುದು ಹೀಗೆಯೇ. ಬಣ್ಣ ತೆಗೆಯಲೆಂದು ೧೭೯೫ರಲ್ಲಿ ಭಾರತಕ್ಕೆ ತಂದ ಕೊಚಿನೀಲ್ ಹುಳುವು ಒಂದು ಜಾತಿಯ ಕಳ್ಳಿಯನ್ನು ನಾಶಪಡಿಸಿತು. ಮತ್ತೊಂದು ಜಾತಿಯು ಅದಕ್ಕೆ ಜಗ್ಗಲಿಲ್ಲ. ಆದಕಾರಣ ೧೯೨೬ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಹುಳುವನ್ನು ತರಿಸಲಾಯಿತು. ಅದು ರಸ ಹೀರಿ ಕೆಲವೇ ವರ್ಷಗಳಲ್ಲಿ ವಿಶಾಲವಾದ ಭೂಮಿಯನ್ನು ತೆರವು ಮಾಡಿತು. ಕಾಂಗ್ರೆಸ್ ಗಿಡವನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟುದೂ ಇದೇ ತತ್ತ್ವದ ಮೇರೆಗೆ. ನಸುಬಿಳಿಯ ಮೈಮೇಲೆ ಕಂದು ಗೆರೆಗಳುಳ್ಳ ಈ ದುಂಬಿಯು ಗಿಡದ ಮೇಲೆ ಕಂಡಲ್ಲಿ ವಿಷವನ್ನು ಸಿಂಪಡಿಸಕೂಡದೆಂದು ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳತಕ್ಕದ್ದು.