ಪಡೆಯದ ಚಿಕಿತ್ಸೆಗೆ ಬಿಲ್ಲು: ಹಿರಿಯರನ್ನು ಕಾಯುವ ಹಿರಿಯರು

ಮೊಣಕಾಲಿಗೆ ಎಂದೂ ಕಟ್ಟದ ಪಟ್ಟಿಗೆ, ಮಾಡಿಸದ ಪರೀಕ್ಷೆಗೆ, ಮನೆಗೆ ಬಾರದ ದಾದಿಗೆ ಹಣ ಸಂದಾಯವಾಗುತ್ತದೆ. ಹಣ ಕೊಡುವುದು ಸರ್ಕಾರ, ಪಡೆಯುವುದು ವಂಚಕ. ಬಳಕೆಯಾಗುವುದು ಒಬ್ಬ ವೃದ್ಧರ ಹೆಸರು. ಆ ವೃದ್ಧರಿಗೆ ಮಾತ್ರ ಇದರ ಸುಳಿವೇ ಇರುವುದಿಲ್ಲ. ಅಮೆರಿಕದಲ್ಲಿ ಇಂತಹ ವಂಚನೆ ದೊಡ್ಡ ದಂಧೆಯಾಗಿ ಬೆಳೆದಿದೆ. ಇದನ್ನು ತಡೆಯಲು ಅಲ್ಲಿನ ಸರ್ಕಾರ ಹಿಡಿದಿರುವ ದಾರಿಗಳಲ್ಲಿ ಒಂದು ಬಹಳ ಸರಳವಾದದ್ದು: ಊರಿನ ಹಿರಿಯರಿಗೇ ತರಬೇತಿ ಕೊಟ್ಟು, ಅವರಿಂದ ಉಳಿದ ಹಿರಿಯರಿಗೆ ತಿಳಿವಳಿಕೆ ಕೊಡಿಸುವುದು. ಮಕ್ಕಳೊಡನೆ ಅಲ್ಲಿ ನೆಲೆಸಿರುವ ನಮ್ಮ ತಂದೆತಾಯಿಯರಿಗೂ ಇದು ತಿಳಿದಿರಬೇಕಾದ ವಿಷಯ.

ಮೆಡಿಕೇರ್ ಎಂದರೇನು?

ಮೆಡಿಕೇರ್ ಅಮೆರಿಕ ಸರ್ಕಾರದ ಆರೋಗ್ಯ ವಿಮೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಇದರ ಕಾನೂನಿಗೆ ಸಹಿ ಹಾಕಿದರು. 65 ವರ್ಷ ತುಂಬಿದವರು ಮತ್ತು ಕೆಲವು ಅಂಗವಿಕಲರು ಇದರ ವ್ಯಾಪ್ತಿಗೆ ಬರುತ್ತಾರೆ. ಗ್ರೀನ್ ಕಾರ್ಡ್ ಪಡೆದು ಅಲ್ಲಿ ಸತತವಾಗಿ 5 ವರ್ಷ ವಾಸಿಸಿದ, 65 ದಾಟಿದ ತಂದೆತಾಯಿಯರು ಅಲ್ಲಿ ದುಡಿದಿರದಿದ್ದರೂ ಕಂತು ಕಟ್ಟಿ ಸೇರಬಹುದು. ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಹೋದವರಿಗೆ ಈ ಸೌಲಭ್ಯವಿಲ್ಲ.

ವೈದ್ಯರು, ಪ್ರಯೋಗಾಲಯದವರು, ಸಲಕರಣೆ ಮಾರುವವರು ತಮ್ಮ ಬಿಲ್ಲನ್ನು ನೇರವಾಗಿ ಮೆಡಿಕೇರ್‌ಗೆ ಕಳುಹಿಸುತ್ತಾರೆ. ಬರುವ ಬಿಲ್ಲುಗಳ ಸಂಖ್ಯೆ ಅಪಾರವಾದ್ದರಿಂದ ಬಹುಪಾಲು ಬಿಲ್ಲುಗಳಿಗೆ ಮೊದಲು ಹಣ ಸಂದಾಯವಾಗುತ್ತದೆ, ತನಿಖೆಯೇನಿದ್ದರೂ ಆಮೇಲೆ. ಆದ್ದರಿಂದ ವಂಚಕನಿಗೆ ಮುಖ್ಯವಾಗಿ ಬೇಕಾದದ್ದು ವೃದ್ಧರ ಕಾರ್ಡಿನ ಸಂಖ್ಯೆ.

ವಂಚನೆ ನಡೆಯುವ ಬಗೆ

ಒಂದು ದಿನ ದೂರವಾಣಿ ಕರೆ ಬರುತ್ತದೆ. "ನಿಮಗೆ ಸೊಂಟನೋವಿದೆಯೇ? ಬೆಲ್ಟ್ ಉಚಿತವಾಗಿ ಕಳುಹಿಸುತ್ತೇವೆ, ಮೆಡಿಕೇರ್ ಸಂಖ್ಯೆ ಹೇಳಿ" ಎನ್ನುತ್ತಾರೆ. 2019ರ ಏಪ್ರಿಲ್‌ನಲ್ಲಿ ಇಂತಹ ಬೆಲ್ಟ್ ಮತ್ತು ಪಟ್ಟಿಗಳ ಜಾಲವೊಂದರ ಸಂಬಂಧ 24 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ನಷ್ಟ 120 ಕೋಟಿ ಡಾಲರಿಗೂ ಹೆಚ್ಚು ಎಂದು ಅಲ್ಲಿನ ನ್ಯಾಯ ಇಲಾಖೆ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಜಾಲ ಬಯಲಾಯಿತು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿಕೊಂಡು, ಕ್ಯಾನ್ಸರ್ ಬರುವುದೇ ಎಂದು ತಿಳಿಸುವ ವಂಶವಾಹಿ ಪರೀಕ್ಷೆಯ ಹೆಸರಿನಲ್ಲಿ ಬಿಲ್ಲು ಮಾಡಲಾಗುತ್ತಿತ್ತು. 2025ರ ಜೂನ್‌ನಲ್ಲಿ ಪ್ರಕಟವಾದ ಪ್ರಕರಣವಂತೂ ಇನ್ನೂ ದೊಡ್ಡದು. ಕದ್ದ ಗುರುತಿನ ವಿವರ ಬಳಸಿ, ಮೂತ್ರ ವಿಸರ್ಜನೆಗೆ ಬಳಸುವ ಕ್ಯಾತಿಟರ್ ಮೊದಲಾದ ಸಲಕರಣೆಗಳಿಗಾಗಿ 1,060 ಕೋಟಿ ಡಾಲರ್ ಮೊತ್ತದ ಬಿಲ್ಲು ಸಲ್ಲಿಸಲಾಗಿತ್ತು ಎಂಬುದು ಆರೋಪ.

ಆರೋಗ್ಯಕ್ಕೂ ಕುತ್ತು

"ಹಣ ಸರ್ಕಾರದ್ದು, ನನಗೇನು ನಷ್ಟ?" ಎಂದು ಕೇಳುವವರುಂಟು. ನಷ್ಟ ರೋಗಿಗೂ ಇದೆ. ಸುಳ್ಳು ಬಿಲ್ಲಿನೊಡನೆ ಸುಳ್ಳು ರೋಗವೂ ದಾಖಲೆಗೆ ಸೇರುತ್ತದೆ. ಮುಂದೆ ಚಿಕಿತ್ಸೆ ಕೊಡುವ ವೈದ್ಯರಿಗೆ ಅದು ದಾರಿ ತಪ್ಪಿಸಬಹುದು. ನಿಜವಾಗಿ ಮೊಣಕಾಲು ಸೋತು ಪಟ್ಟಿ ಬೇಕಾದಾಗ "ಈಗಾಗಲೇ ಕೊಡಲಾಗಿದೆ" ಎಂಬ ಉತ್ತರ ಬರಬಹುದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಹಾಸ್ಪೈಸ್ ಹೆಸರಿನ ವಂಚನೆ. ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯವರಿಗೆ ಕೊನೆಗಾಲದಲ್ಲಿ ಕೊಡುವ ಆರೈಕೆ. ಮನೆಗೆಲಸಕ್ಕೆ ಜನ ಕಳುಹಿಸುತ್ತೇವೆ, ಊಟ ಕೊಡುತ್ತೇವೆ ಎಂದು ಆಸೆ ತೋರಿಸಿ, ಅಂತಹ ಕಾಯಿಲೆಯೇ ಇಲ್ಲದವರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಸ್ಪೈಸ್‌ಗೆ ಸೇರಿದವರ ಆ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಹೀಗೆ ಸಹಿ ಹಾಕಿದ್ದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಿಸಬಹುದು.

ಹಿರಿಯರ ಕಾವಲು ಪಡೆ

1997ರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಅವರ ಒತ್ತಾಸೆಯಿಂದ 12 ಪ್ರಾಯೋಗಿಕ ಯೋಜನೆಗಳಿಗೆ ಸರ್ಕಾರ ಹಣ ಒದಗಿಸಿತು. ನಿವೃತ್ತ ದಾದಿಯರು, ಶಿಕ್ಷಕರು, ಲೆಕ್ಕಪತ್ರ ಬಲ್ಲವರು ಸ್ವಯಂಸೇವಕರಾದರು. ಇದೇ ಬೆಳೆದು 'ಸೀನಿಯರ್ ಮೆಡಿಕೇರ್ ಪ್ಯಾಟ್ರೋಲ್', ಅಂದರೆ ಹಿರಿಯರ ಮೆಡಿಕೇರ್ ಕಾವಲು ಪಡೆಯಾಗಿ ಎಲ್ಲ 50 ರಾಜ್ಯಗಳಿಗೂ ಹಬ್ಬಿತು. ಸ್ವಯಂಸೇವಕರು ಹಿರಿಯರು ಸೇರುವ ಕಡೆಗಳಿಗೆ ಹೋಗಿ ಮಾತನಾಡುತ್ತಾರೆ. ಪಕ್ಕದಲ್ಲಿ ಕುಳಿತು ಬಿಲ್ಲು ಓದಿಸುತ್ತಾರೆ. ಅನುಮಾನ ಬಂದ ಪ್ರಕರಣಗಳನ್ನು ತನಿಖೆಗೆ ತಲುಪಿಸುತ್ತಾರೆ.

ಸ್ವಯಂಸೇವಕರಿಗೆ ಸಂಬಳವಿಲ್ಲ ಎಂದ ಮೇಲೆ ಅನುದಾನವೇಕೆ? ತರಬೇತಿ ಕೊಡಲು, ದೂರವಾಣಿಗೆ ಉತ್ತರಿಸಲು, ಕರಪತ್ರ ಅಚ್ಚು ಹಾಕಿಸಲು, ಬಂದ ದೂರನ್ನು ಕೊನೆಯವರೆಗೆ ಬೆನ್ನುಹತ್ತಲು ಸಂಬಳದ ಸಿಬ್ಬಂದಿ ಬೇಕು. ಇಂತಹ ಕೆಲಸದ ಫಲವನ್ನು ಲೆಕ್ಕ ಹಾಕುವುದೇ ಕಷ್ಟ. ವಂಚಕರಿಂದ ಮರಳಿ ಬಂದ ಹಣವನ್ನು ಎಣಿಸಬಹುದು. ತಿಳಿವಳಿಕೆ ಪಡೆದ ಅಜ್ಜಿಯೊಬ್ಬರು ಸಂಖ್ಯೆ ಹೇಳದೆ ದೂರವಾಣಿ ಕೆಳಗಿಟ್ಟರೆ ಉಳಿದ ಹಣ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಈ ಕಾರಣದಿಂದ ಯೋಜನೆಗೆ ಸಲ್ಲಬೇಕಾದ ಪೂರ್ಣ ಶ್ರೇಯ ಸಲ್ಲದಿರಬಹುದೆಂದು ಸರ್ಕಾರದ ತಪಾಸಣಾ ಕಚೇರಿಯೇ ತನ್ನ ವರದಿಗಳಲ್ಲಿ ಒಪ್ಪಿದೆ. ಲಸಿಕೆಯ ವಿಷಯದಲ್ಲೂ ಹೀಗೆಯೇ ಅಲ್ಲವೇ? ಬಾರದೆ ಹೋದ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ಲಸಿಕೆಗೆ ಖರ್ಚು ಮಾಡುವುದನ್ನು ನಿಲ್ಲಿಸುವುದಿಲ್ಲ.

ಮನೆಯವರು ಮಾಡಬೇಕಾದದ್ದು

1. ಮೆಡಿಕೇರ್ ಸಂಖ್ಯೆಯನ್ನು ಬ್ಯಾಂಕಿನ ಖಾತೆಯ ವಿವರದಂತೆ ಕಾಪಾಡಿ. ಮೆಡಿಕೇರ್‌ನವರು ತಾವಾಗಿ ಕರೆಮಾಡಿ ಏನನ್ನೂ ಮಾರುವುದಿಲ್ಲ.

2. ಒಂದು ನೋಟ್ ಪುಸ್ತಕದಲ್ಲಿ ತಾರೀಖು, ವೈದ್ಯರ ಹೆಸರು, ಮಾಡಿದ ಪರೀಕ್ಷೆ, ಕೊಟ್ಟ ಸಲಕರಣೆ ಬರೆದಿಡಿ.

3. ಮೆಡಿಕೇರ್ ಆಗಾಗ ಕಳುಹಿಸುವ ಸಾರಾಂಶ ಪತ್ರದ ಮೇಲೆ "ಇದು ಬಿಲ್ಲಲ್ಲ" ಎಂದು ಅಚ್ಚಾಗಿರುತ್ತದೆ. ಹಾಗೆಂದು ಬಿಸಾಡಬೇಡಿ. ನೋಟ್ ಪುಸ್ತಕದೊಡನೆ ಹೋಲಿಸಿ ನೋಡಿ.

4. ತಾಳೆಯಾಗದಿದ್ದರೆ ಮೊದಲು ವೈದ್ಯರ ಕಚೇರಿಯನ್ನು ಕೇಳಿ. ಅದು ಬರಿಯ ಕೈತಪ್ಪೂ ಇರಬಹುದು. ಉತ್ತರ ಸಮಾಧಾನಕರವಾಗಿರದಿದ್ದರೆ ಮೆಡಿಕೇರ್‌ಗೆ ಅಥವಾ ನಿಮ್ಮ ರಾಜ್ಯದ ಕಾವಲು ಪಡೆಯ ಕಚೇರಿಗೆ ತಿಳಿಸಿ. ಇಂಗ್ಲಿಷ್ ಬಾರದವರು ದುಭಾಷಿಯ ನೆರವು ಕೇಳಬಹುದು.

5. ಕೇಳದ ಪಾರ್ಸೆಲ್ ಮನೆಗೆ ಬಂದರೆ ಸ್ವೀಕರಿಸಬೇಡಿ. ಕಳುಹಿಸಿದವರ ಹೆಸರು ಬರೆದಿಟ್ಟುಕೊಳ್ಳಿ.

ಮಕ್ಕಳಿಗೊಂದು ಮಾತು. ಅಪ್ಪ ಅಮ್ಮ ಯಾರಿಗೋ ಸಂಖ್ಯೆ ಹೇಳಿಬಿಟ್ಟಿದ್ದರೆ ಗದರಬೇಡಿ. ಗದರಿಸಿಕೊಂಡವರು ಮುಂದಿನ ಸಲ ಮುಚ್ಚಿಡುತ್ತಾರೆ, ಅದರಿಂದ ಲಾಭವಾಗುವುದು ವಂಚಕನಿಗೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಅವರೊಡನೆ ಕುಳಿತು ಬಂದ ಪತ್ರಗಳನ್ನೆಲ್ಲ ಓದಿ, ಕನ್ನಡದಲ್ಲಿ ವಿವರಿಸಿ ಹೇಳಿ.