ಒಡಲೊಳಗಿನ ಹೆಸರುಗಳು

ತುಮಕೂರಿನ ಬಟವಾಡಿಯ ಕಡೆಯಿಂದ ಬಿ.ಎಚ್. ರಸ್ತೆಯನ್ನು ಹಿಡಿದು ಊರೊಳಕ್ಕೆ ಬರುವವನ ಕಿವಿಗೆ ಅಶೋಕನಗರ, ಗಾಂಧಿನಗರ ಮುಂತಾದ ಬಡಾವಣೆಗಳ ಹೆಸರುಗಳು ಬೀಳುತ್ತವೆ. ಅಶೋಕ ಚಕ್ರವರ್ತಿ ಇಲ್ಲಿ ಮನೆ ಕಟ್ಟಿಸಿದವನಲ್ಲ. ತನ್ನ ಹೆಸರನ್ನು ಇಲ್ಲಿಡಿರೆಂದು ಗಾಂಧೀಜಿಯವರೂ ಕೇಳಿದವರಲ್ಲ. ಹಿಂದಿನವರ ಮೇಲಣ ಗೌರವದಿಂದ ಮುಂದಿನವರು ಇಟ್ಟ ಹೆಸರುಗಳು ಅವು. ಊರಿಗೆ ನಕ್ಷೆಯಿರುವಂತೆ ನಮ್ಮ ಶರೀರಕ್ಕೂ ಒಂದು ನಕ್ಷೆಯುಂಟು. ಅದನ್ನು ಬರೆದಿಡುವ ವಿದ್ಯೆಯೇ ಅಂಗರಚನಾಶಾಸ್ತ್ರ. ಆ ನಕ್ಷೆಯ ಓಣಿಗಳಿಗೆ, ಕೇರಿಗಳಿಗೆ, ದ್ವೀಪಗಳಿಗೆ ಕೂಡ ಮನುಷ್ಯರ ಹೆಸರುಗಳಿವೆ. ನಾವು ಹುಟ್ಟುವಾಗಲೇ ಇಟಲಿಯ ಒಬ್ಬನನ್ನೂ ಜರ್ಮನಿಯ ಒಬ್ಬನನ್ನೂ ಒಡಲೊಳಗೆ ಹೊತ್ತು ತಂದಿರುತ್ತೇವೆಂದರೆ ಸೋಜಿಗವಲ್ಲವೆ?

ತುಮಕೂರಿನವರು ದೇವರಾಯನದುರ್ಗಕ್ಕೆ ಬಸ್ಸಿನಲ್ಲಿ ಹೋಗುವುದುಂಟು. ಬೆಟ್ಟದ ತಿರುವುಗಳನ್ನು ಏರುತ್ತಿರುವಂತೆ ಕಿವಿ ಮುಚ್ಚಿಕೊಂಡಂತಾಗುತ್ತದೆ. ಪಕ್ಕದಲ್ಲಿರುವವರ ಮಾತು ದೂರದಿಂದ ಬಂದಂತೆ ಕೇಳುತ್ತದೆ. ಒಮ್ಮೆ ಉಗುಳು ನುಂಗಿದರೆ ಸಾಕು, ಕಿವಿ 'ಟಪ್' ಎಂದು ತೆರೆದುಕೊಳ್ಳುತ್ತದೆ. ಇದಕ್ಕೆ ಕಾರಣ ಇಷ್ಟೆ: ಮೇಲೇರಿದಂತೆಲ್ಲ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ತಮಟೆಯ ಒಳಗೆ ಸಿಕ್ಕಿಕೊಂಡಿರುವ ಗಾಳಿ ಅದನ್ನು ಹೊರಕ್ಕೆ ದೂಡುತ್ತದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಬರುವ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆಯೊಂದು ನುಂಗಿದಾಗ ತೆರೆದು, ಒಳಹೊರಗಿನ ಒತ್ತಡವನ್ನು ಸಮಗೊಳಿಸುತ್ತದೆ. ಎಳೆಯ ಮಕ್ಕಳಲ್ಲಿ ಈ ಕೊಳವೆ ಇನ್ನೂ ಗಿಡ್ಡ, ಇಳಿಜಾರೂ ಕಡಿಮೆ. ಆದುದರಿಂದಲೇ ಅವರಿಗೆ ನೆಗಡಿಯಾದಾಗ ಸೋಂಕು ಸುಲಭವಾಗಿ ಕಿವಿಗೆ ಹಬ್ಬುತ್ತದೆ.

ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಯೂಸ್ಟೇಷಿಯನ್ ನಾಳ. ಬಾರ್ತೊಲೊಮೆಯೊ ಯೂಸ್ಟೇಷಿಯಸ್ 16ನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ವೈದ್ಯ. 1552ರ ವೇಳೆಗೇ ಅವನು ಶರೀರದ ಒಳರಚನೆಯನ್ನು ತೋರಿಸುವ ಚಿತ್ರಗಳನ್ನು ತಾಮ್ರದ ಫಲಕಗಳ ಮೇಲೆ ಕೆತ್ತಿಸಿದ್ದನು. ಅವುಗಳಲ್ಲಿ ಕೆಲವು ಮಾತ್ರ ಅವನ ಕಾಲದಲ್ಲಿ ಅಚ್ಚಾದವು. 1574ರಲ್ಲಿ ಅವನು ತೀರಿಕೊಂಡನು. ಉಳಿದ ಫಲಕಗಳು ಬೆಳಕು ಕಂಡು ಪುಸ್ತಕವಾದದ್ದು 1714ರಲ್ಲಿ. ಕಿವಿಯ ಕೊಳವೆಗೆ ಅವನ ಹೆಸರನ್ನು ಕಟ್ಟಿದವನೂ ಅವನಲ್ಲ; ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬಂದ ವಾಲ್ಸಾಲ್ವನೆಂಬ ಮತ್ತೊಬ್ಬ ಇಟಲಿಯ ವೈದ್ಯ. ಯೂಸ್ಟೇಷಿಯಸನ ಸಮಕಾಲೀನನಾದ ಫೆಲೋಪಿಯಸ್ ಪಾದುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು. ಸ್ತ್ರೀಯರ ಅಂಡನಾಳಗಳನ್ನು 1561ರ ತನ್ನ ಗ್ರಂಥದಲ್ಲಿ ವರ್ಣಿಸುತ್ತ, ತುದಿಯಲ್ಲಿ ಅರಳಿದ ಅವುಗಳ ಆಕಾರವನ್ನು ಅವನು ಕಹಳೆಗೆ ಹೋಲಿಸಿದನು. ಕಹಳೆಗೆ ಲ್ಯಾಟಿನ್ ಭಾಷೆಯಲ್ಲಿ 'ಟ್ಯೂಬ' ಎನ್ನುತ್ತಾರೆ. ಕಾಲಾಂತರದಲ್ಲಿ ಕಹಳೆ ಹೋಗಿ ಬರಿಯ 'ಟ್ಯೂಬ್', ಎಂದರೆ ಕೊಳವೆ, ಉಳಿಯಿತು. ಒಳ್ಳೆಯ ಉಪಮೆಯೊಂದು ಹೀಗೆ ಕಳೆದುಹೋದದ್ದು ನನಗಂತೂ ನಷ್ಟವೆನಿಸುತ್ತದೆ.

ಹೆಸರು ಪಡೆದವನಿಗೆ ತಾನು ಕಂಡದ್ದೇನೆಂಬುದು ಪೂರ್ತಿಯಾಗಿ ತಿಳಿದಿರಬೇಕೆಂಬ ನಿಯಮವೇನೂ ಇಲ್ಲ. 1869ರಲ್ಲಿ ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ 21 ವರ್ಷದ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಜೀರ್ಣರಸವನ್ನು ಸ್ರವಿಸುವ ಕೋಶಗಳ ನಡುವೆ ಅಲ್ಲಲ್ಲಿ ಬೇರೆ ಬಗೆಯ ಕೋಶಗಳ ಪುಟ್ಟ ಗುಂಪುಗಳು ಕಂಡವು. ಅವು ಏಕಿವೆಯೆಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯದೆಂದು ಪ್ರಾಮಾಣಿಕವಾಗಿ ಬರೆದು, ಕಂಡದ್ದನ್ನು ಕಂಡಂತೆ ವರ್ಣಿಸಿದನು. 1888ರಲ್ಲಿ, ಇನ್ನೂ 40ರ ಪ್ರಾಯದಲ್ಲಿಯೇ, ಅವನು ಮರಣ ಹೊಂದಿದನು. ಐದು ವರ್ಷಗಳ ಬಳಿಕ ಫ್ರಾನ್ಸಿನ ಲಾಗೆಸ್ ಎಂಬ ವಿಜ್ಞಾನಿ ಆ ಗುಂಪುಗಳನ್ನು 'ಲ್ಯಾಂಗರ್‌ಹ್ಯಾನ್ಸನ ಕಿರುದ್ವೀಪಗಳು' ಎಂದು ಕರೆದನು. ರಕ್ತದ ಸಕ್ಕರೆಯನ್ನು ಹದ್ದಿನಲ್ಲಿಡುವ ಇನ್ಸುಲಿನ್ ಹುಟ್ಟುವುದು ಈ ದ್ವೀಪಗಳಲ್ಲಿಯೇ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಅವನ ಸಂಗಡಿಗರು ಇದನ್ನು ಪ್ರಾಣಿಗಳ ಗ್ರಂಥಿಯಿಂದ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಚುಚ್ಚಿಸಿಕೊಂಡ ಲೆನಾರ್ಡ್ ಥಾಮ್ಸನ್ 14 ವರ್ಷದ ಹುಡುಗ. ಈ ಪಾಠವನ್ನು ಓದುತ್ತಿರುವ ನಿಮ್ಮದೇ ವಯಸ್ಸಿನವನು. ಸಕ್ಕರೆ ಕಾಯಿಲೆಯಿಂದ ಎಲುಬುಗೂಡಾಗಿ ಸಾವಿನಂಚಿನಲ್ಲಿದ್ದ ಅವನು ಆಮೇಲೆ 13 ವರ್ಷ ಬದುಕಿದನು.

ಎಲ್ಲ ಹೆಸರುಗಳೂ ವೈದ್ಯರವಲ್ಲ. ಹಿಮ್ಮಡಿಯ ಮೇಲಿನ ದಪ್ಪನೆಯ ಸ್ನಾಯುರಜ್ಜುವಿಗೆ ಗ್ರೀಕರ ವೀರ ಅಕಿಲೀಸನ ಹೆಸರಿದೆ. ದುರ್ಯೋಧನನಿಗೆ ತೊಡೆಯಿದ್ದಂತೆ ಅವನಿಗೆ ಹಿಮ್ಮಡಿಯೊಂದೇ ಪೆಟ್ಟು ತಾಗುವ ಸ್ಥಳವಾಗಿತ್ತೆಂದು ಕಥೆ. ತಲೆಯನ್ನು ಹೊತ್ತಿರುವ ಕತ್ತಿನ ಮೊದಲ ಮೂಳೆಗೆ, ಆಕಾಶವನ್ನು ಹೊತ್ತ ಅಟ್ಲಾಸನ ಹೆಸರು. ಹೆಸರಿಟ್ಟವನು ನಮ್ಮ ನಾಡಿನವನಾಗಿದ್ದರೆ ಅದನ್ನು ಆದಿಶೇಷನ ಮೂಳೆಯೆನ್ನುತ್ತಿದ್ದನೋ ಏನೋ! ನಮ್ಮವರು ಅಂಗೈಯನ್ನು ದೇವತೆಗಳಿಗೆ ಹಂಚಿಕೊಟ್ಟಿದ್ದಾರೆ: ಬೆರಳ ತುದಿ ದೇವತೀರ್ಥ, ಹೆಬ್ಬೆರಳ ಬುಡ ಬ್ರಹ್ಮತೀರ್ಥ, ಹೆಬ್ಬೆರಳು ತೋರುಬೆರಳುಗಳ ನಡುವಣದು ಪಿತೃತೀರ್ಥ. ಇಷ್ಟೆಲ್ಲ ಹೆಸರುಗಳ ಪಕ್ಕದಲ್ಲಿಯೇ ಉಂಗುರದ ಬೆರಳು 'ಅನಾಮಿಕ'ವಾಗಿ, ಹೆಸರಿಲ್ಲವೆಂಬುದನ್ನೇ ಹೆಸರಾಗಿಸಿಕೊಂಡು ನಿಂತಿದೆ.

ಕಾಲ ಕಳೆದಂತೆ ವ್ಯಕ್ತಿನಾಮಗಳಿಂದ ತೊಡಕು ಹೆಚ್ಚಿತು. ಒಂದೇ ಅಂಗಕ್ಕೆ ಜರ್ಮನರು ಜರ್ಮನನ ಹೆಸರನ್ನೂ ಫ್ರೆಂಚರು ಫ್ರೆಂಚನ ಹೆಸರನ್ನೂ ಹೇಳತೊಡಗಿದರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ ವಿದ್ವಾಂಸರು ಸುಮಾರು 5,000 ಪದಗಳ ಪಟ್ಟಿಯೊಂದನ್ನು ಒಪ್ಪಿ, ವ್ಯಕ್ತಿನಾಮಗಳನ್ನು ಕೈಬಿಡಲು ನಿಶ್ಚಯಿಸಿದರು. 'ಅಂಡನಾಳ' ಎಂದೊಡನೆ ಅದೇನೆಂದು ಅರ್ಥವಾಗುತ್ತದೆ. 'ಫೆಲೋಪಿಯನ್ ನಾಳ' ಎಂದರೆ ಬಾಯಿಪಾಠ ಮಾಡಬೇಕು. ಪಾಠ ಹೇಳುವವನಾಗಿ ನಾನು ಬಾಸೆಲ್ಲಿನವರ ಪಕ್ಷವೇ. ಆದರೂ ಹಳೆಯ ಹೆಸರುಗಳು ವೈದ್ಯರ ನಾಲಗೆಯನ್ನು ಬಿಟ್ಟು ಹೋಗಲಿಲ್ಲ.

ಹೋಗಲೇಬೇಕಾಗಿದ್ದ ಹೆಸರುಗಳೂ ಉಂಟು. ಶ್ವಾಸಕೋಶದ ಸಣ್ಣ ಕವಲುಗಳಲ್ಲಿರುವ ಒಂದು ಬಗೆಯ ಕೋಶಗಳನ್ನು 1937ರಲ್ಲಿ ವರ್ಣಿಸಿದವನು ಮ್ಯಾಕ್ಸ್ ಕ್ಲಾರ. ಬಹುಕಾಲ ಅವು ಕ್ಲಾರ ಕೋಶಗಳೆಂದೇ ಪ್ರಸಿದ್ಧವಾಗಿದ್ದವು. ಅವನು ನಾಟ್ಸಿ ಪಕ್ಷದ ಸದಸ್ಯನಾಗಿದ್ದನು. ಆ ಸರ್ಕಾರ ಮರಣದಂಡನೆ ವಿಧಿಸಿದ ಬಂದಿಗಳ ಅಂಗಾಂಶಗಳನ್ನು ತನ್ನ ಅಧ್ಯಯನಕ್ಕೆ ಬಳಸಿಕೊಂಡಿದ್ದನು. ಆ ಬಂದಿಗಳ ಒಪ್ಪಿಗೆಯನ್ನು ಕೇಳಿದವರಿಲ್ಲ. ಈ ಸಂಗತಿ ಚರ್ಚೆಗೆ ಬಂದ ಮೇಲೆ ಶ್ವಾಸಕೋಶ ತಜ್ಞರ ಪತ್ರಿಕೆಗಳು 2013ರಿಂದ ಅವನ ಹೆಸರನ್ನು ತೆಗೆದು, ಗದೆಯ ಆಕಾರದ ಆ ಕೋಶಗಳನ್ನು 'ಗದಾಕೋಶ' ಎಂಬರ್ಥದ ಪದದಿಂದ ಕರೆಯತೊಡಗಿದವು. ಯೂಸ್ಟೇಷಿಯಸ್, ಫೆಲೋಪಿಯಸರ ಕಾಲದಲ್ಲಿಯೂ ಛೇದನಕ್ಕೆ ದೊರೆಯುತ್ತಿದ್ದವು ಹೆಚ್ಚಾಗಿ ಮರಣದಂಡನೆಗೆ ಗುರಿಯಾದವರ ಶವಗಳೇ. ಒಡಲನ್ನು ನೋಡಿದವರ ಹೆಸರುಗಳು ಪುಸ್ತಕದಲ್ಲಿ ಉಳಿದವು. ಆ ಒಡಲು ಯಾರದೆಂದು ಯಾರೂ ಬರೆದಿಡಲಿಲ್ಲ.

ಅದೇ 2013ರಲ್ಲಿ ಹೊಸ ಹೆಸರೊಂದು ಸೇರಿಕೊಂಡಿತು. ಭಾರತೀಯ ಮೂಲದ ನೇತ್ರತಜ್ಞ ಹರ್ಮಿಂದರ್ ಸಿಂಗ್ ದುವಾ ಅವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ದಾನವಾಗಿ ಬಂದ ಕಣ್ಣುಗಳನ್ನು ಪರೀಕ್ಷಿಸಿ, ಪಾರದರ್ಶಕ ಪಟಲದ ಹಿಂಭಾಗದಲ್ಲಿ ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲಿನಷ್ಟು ತೆಳುವಾದ ಪದರವೊಂದಿದೆಯೆಂದು ತೋರಿಸಿದರು. ಅದಕ್ಕೆ 'ದುವಾ ಪದರ'ವೆಂದು ಹೆಸರು ಬಂದುದು ಅವರ ಲೇಖನದಲ್ಲಿಯೇ. ಇದು ನಿಜವಾಗಿ ಹೊಸ ಪದರವೇ, ಕಂಡವರೇ ಹೆಸರಿಟ್ಟುಕೊಳ್ಳಬಹುದೇ ಎಂದು ಕೆಲವು ತಜ್ಞರು ಆಕ್ಷೇಪಿಸಿದ್ದುಂಟು. ಅದೇನೇ ಇರಲಿ, ಕಣ್ಣಿನ ಪಟಲದ ಪದರಗಳನ್ನು ಅರಿಯುವುದರಿಂದ ಆಗುವ ಉಪಕಾರವನ್ನು ನಮ್ಮ ನಾಡು ಕಂಡಿದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡಾಗ ಅವರ ಕುಟುಂಬದವರು ನೇತ್ರದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಪಟಲವನ್ನೂ ಮುಂಭಾಗ, ಹಿಂಭಾಗವೆಂದು ಎರಡಾಗಿ ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ನೀಡಿದರು.

ಇನ್ನು ನೆತ್ತರಿನ ಸಂಗತಿ. ಇಲ್ಲಿ ಹೆಸರಿನ ರೀತಿಯೇ ಬೇರೆ. ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದ ರಕ್ತದ ಗುಂಪುಗಳಿಗೆ ಎ, ಬಿ, ಓ ಎಂಬ ಅಕ್ಷರಗಳು ಬಂದವು. ಆದರೆ ಕೆಂಪು ರಕ್ತಕಣಗಳ ಮೇಲೆ ಇವಲ್ಲದೆ ಇನ್ನೂ ಎಷ್ಟೋ ಗುರುತುಗಳಿವೆ, ಇವನ್ನು ಪ್ರತಿಜನಕಗಳೆನ್ನುತ್ತಾರೆ. ತನ್ನಲ್ಲಿಲ್ಲದ ಗುರುತು ಹೊರಗಿನಿಂದ ಬಂದರೆ ಶರೀರ ಅದನ್ನು ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ಸಿದ್ಧಮಾಡುತ್ತದೆ. ಗರ್ಭದಲ್ಲಿರುವ ಮಗುವಿನ ರಕ್ತಕ್ಕೂ ತಾಯಿಯ ರಕ್ತಕ್ಕೂ ಕೆಲವೊಮ್ಮೆ ಹೀಗೆ ಹೊಂದಿಕೆಯಾಗದೆ, ಶಿಶು ರಕ್ತಹೀನತೆಯಿಂದ ನರಳುತ್ತ ಹುಟ್ಟುತ್ತದೆ. 1946ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಒಂದು ಶಿಶುವಿನ ತಾಯಿ ಶ್ರೀಮತಿ ಕೆಲೆಹರ್. ಆಕೆಯ ರಕ್ತದಲ್ಲಿ ಹೊಸ ಪ್ರತಿಕಾಯವೊಂದು ದೊರೆಯಿತು. ಆ ರಕ್ತವ್ಯವಸ್ಥೆಗೆ 'ಕೆಲ್' ಎಂದು ಆಕೆಯ ಹೆಸರೇ ಬಂದಿತು. 1950ರ 'ಡಫಿ' ಮತ್ತೆ ಮತ್ತೆ ರಕ್ತ ಪಡೆಯಬೇಕಾಗಿದ್ದ ರೋಗಿಯೊಬ್ಬನ ಹೆಸರು. 1951ರ 'ಕಿಡ್' ಇನ್ನೊಬ್ಬ ತಾಯಿಯದು. ಅದರ ಸಂಕೇತವಾದ ಜೆ, ಕೆ ಎಂಬ ಅಕ್ಷರಗಳು ಆಕೆಯ ನವಜಾತ ಮಗನ ಹೆಸರಿನ ಮೊದಲಕ್ಷರಗಳು. ಇವರಾರೂ ಪಂಡಿತರಲ್ಲ, ಸೂಕ್ಷ್ಮದರ್ಶಕವನ್ನು ಮುಟ್ಟಿದವರಲ್ಲ. ನೋಡಿದ ವೈದ್ಯರು ಇಲ್ಲಿ ಹಿಂದೆ ಸರಿದು ನಿಂತು, ನೋವುಂಡವರ ಹೆಸರನ್ನು ಮುಂದಿಟ್ಟರು.

ಈ ಸಾಲಿನಲ್ಲಿ ನಮ್ಮ ನಾಡಿನ ಕೋಲಾರವೂ ಸೇರಿಕೊಂಡಿದೆ. ಹೃದಯದ ಶಸ್ತ್ರಚಿಕಿತ್ಸೆಗೆಂದು ಅಲ್ಲಿನ ಆಸ್ಪತ್ರೆಗೆ ಸೇರಿದ 38 ವರ್ಷದ ಮಹಿಳೆಯೊಬ್ಬರದು ಓ ಪಾಸಿಟಿವ್ ರಕ್ತ. ಎಲ್ಲೆಡೆ ಸುಲಭವಾಗಿ ದೊರೆಯುವಂಥದು. ಆದರೆ ತಂದಿರಿಸಿದ ಯಾವ ಓ ಪಾಸಿಟಿವ್ ರಕ್ತವೂ ಆಕೆಯದಕ್ಕೆ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರಕ್ಕೆ ಹೋಯಿತು. ಅಲ್ಲಿಯೂ ಹೊಂದಲಿಲ್ಲ. ಬಂಧುಗಳಲ್ಲಿ 20 ಮಂದಿಯ ರಕ್ತವನ್ನು ಪರೀಕ್ಷಿಸಿದರು, ಒಬ್ಬರದೂ ಕೂಡಿಬರಲಿಲ್ಲ. ಕೊನೆಗೆ ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆಯೇ ವೈದ್ಯರು ಎಚ್ಚರಿಕೆಯಿಂದ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಹತ್ತು ತಿಂಗಳ ಶೋಧದ ಬಳಿಕ, ಇದು ಜಗತ್ತಿನಲ್ಲಿ ಅದುವರೆಗೆ ಯಾರಲ್ಲಿಯೂ ಗುರುತಿಸದಿದ್ದ ಪ್ರತಿಜನಕವೆಂದು ತಿಳಿದುಬಂದಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ರಕ್ತತಜ್ಞರ ಸಮಾವೇಶದಲ್ಲಿ ಅದರ ಹೆಸರನ್ನು ಸಾರಲಾಯಿತು: 'ಕ್ರಿಬ್'. ಮೊದಲೆರಡು ಅಕ್ಷರಗಳು ಅದು ಸೇರಿದ 'ಕ್ರೋಮರ್' ವ್ಯವಸ್ಥೆಯವು. ಇದೂ ಹಿಂದಿನ ಒಬ್ಬ ರೋಗಿಣಿಯ ಹೆಸರೇ. ಮೂರನೆಯದು ಇಂಡಿಯಾ, ನಾಲ್ಕನೆಯದು ಬೆಂಗಳೂರು.

ಕೋಲಾರದ ಹೆಸರು ಅದರಲ್ಲಿ ಬರಲಿಲ್ಲ. ಆ ತಾಯಿಯ ಹೆಸರೂ ಬರಲಿಲ್ಲ. ರೋಗಿಯ ಗುರುತನ್ನು ಬಯಲುಮಾಡಬಾರದೆಂಬುದು ಇಂದಿನ ವೈದ್ಯಧರ್ಮ; ಅದು ಸರಿಯಾದುದೇ. ಆದರೆ ಕ್ರಿಬ್ ಎಂಬ ಪದದ ಹಿಂದೆ ನಮ್ಮ ನಾಡಿನ ಒಬ್ಬ ಹೆಣ್ಣುಮಗಳಿದ್ದಾಳೆ, ತಮ್ಮ ತೋಳನ್ನು ಸೂಜಿಗೊಡ್ಡಿದ ಇಪ್ಪತ್ತು ಮಂದಿ ಬಂಧುಗಳಿದ್ದಾರೆ. ಇಂತಹ ಅಪರೂಪದ ರಕ್ತವುಳ್ಳವರ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ಈಗ ಬೆಂಗಳೂರಿನಲ್ಲಿ ಮೊದಲಾಗಿದೆ. ಮುಂದೆ ಆಕೆಗೆ ರಕ್ತ ಬೇಕಾದರೆ ಅದೇ ಬಗೆಯ ರಕ್ತವುಳ್ಳ ಇನ್ನೊಬ್ಬರು ಸಿಕ್ಕಬೇಕು. ಇಲ್ಲವೆ ಆಕೆಯ ರಕ್ತವನ್ನೇ ಮೊದಲು ತೆಗೆದಿರಿಸಿಕೊಂಡಿರಬೇಕು.